ಎರಡನೇ ಜಾಯ್‌ಸ್ಟಿಕ್

ಲೈಟ್ ಆರಿಸಬ್ಯಾಡ್ರಿ, ಇರಲಿ. ಇದು ಕಟ್ಟಿದ ಕತೆ ಅಲ್ಲ. ಯಶವಂತನಗರದಲ್ಲಿ ನಮ್ಮ ದೊಡ್ಡಮ್ಮನ ಮಗ ಓಬಳಪ್ಪನಿಗೆ ಆದದ್ದು.

ಆ ರಾತ್ರಿ ಅವನು ಕೊನೇ ಬಸ್ಸಿಳಿದು ಬಾವಿಯ ದಾರಿ ಹಿಡಿದ. ಬಾವಿಯಾಚೆಗೇ ಅವನ ತಮ್ಮ ಮರಿಸ್ವಾಮಿಯನ್ನು ಮಣ್ಣು ಮಾಡಿದ್ದರು. ಮೂವತ್ತು ದಾಟಿದ ಗಂಡಸು, ಅದಿರಿನ ಲಾರಿಗೆ ಸಿಕ್ಕು ಹೋದ. ಅಂದಿನಿಂದ ದೊಡ್ಡಮ್ಮ ಅನ್ನ ಮುಟ್ಟಿರಲಿಲ್ಲ. ಎರಡು ಗುಟುಕು ಮಜ್ಜಿಗೆ, ಅಷ್ಟೇ. ಡಾಕ್ಟರೂ ಕೈಚೆಲ್ಲಿದ್ದರು. ತಮ್ಮನ ಹಿಂದೆಯೇ ಅವ್ವನೂ ಹೋಗುತ್ತಾಳೆ ಅಂತ ಓಬಳಪ್ಪನಿಗೆ ತಲೆ ಕೆಟ್ಟಿತ್ತು.

ಚಿಕ್ಕಂದಿನಲ್ಲಿ ಮರಿಸ್ವಾಮಿಗೆ ಟೀವಿ ಗೇಮಿನ ಹುಚ್ಚು. ಟಿಕ್ ಟಿಕ್ ಅನ್ನುವ ಜಾಯ್‌ಸ್ಟಿಕ್ಕಿನಿಂದ ಕೈ ತೆಗೆಯುತ್ತಿರಲಿಲ್ಲ. ದೊಡ್ಡಮ್ಮ ಬೈಯುತ್ತಲೇ ಅವನ ಬಾಯಿಗೊಂದು ತುತ್ತು, ತನ್ನ ಬಾಯಿಗೊಂದು ತುತ್ತು ಇಡುತ್ತಿದ್ದಳು. ಆ ಗೇಮಿನ ಸದ್ದು ಕೇಳಿದರಾದರೂ ಉಂಡಾಳು ಅಂತ ಓಬಳಪ್ಪನಿಗೆ ಆಸೆ. ಆದರೆ ಹಳೇ ಗೇಮಿನ ಸೆಟ್ಟು ಯಾವತ್ತೋ ಗುಜರಿಗೆ ಹೋಗಿತ್ತು. ಉಳಿದಿದ್ದ ಜಾಯ್‌ಸ್ಟಿಕ್ಕನ್ನು, ಮರಿಸ್ವಾಮಿಗೆ ಪ್ರೀತಿಯದು ಅಂತ, ಅವನ ಎದೆ ಮೇಲಿಟ್ಟೇ ಹೂತಿದ್ದರು. ಹೊಸಪೇಟೆಯ ಗೆಳೆಯ ನಾಗಭೂಷಣ ದಾರಿ ತೋರಿಸಿದ. ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಮೆಮೊರಿ ಕಾರ್ಡಿನ ತುಂಬ ಹಳೇ ಗೇಮು, ಒಂದು ಹೊಸ ಜಾಯ್‌ಸ್ಟಿಕ್. ಟೀವಿಗೆ ಸಿಕ್ಕಿಸಿದರೆ ಆಯಿತು. ಅವನ್ನೇ ಚೀಲದಲ್ಲಿ ಹಾಕಿಕೊಂಡು ಆ ರಾತ್ರಿ ಬರುತ್ತಿದ್ದ.

ಬಾವಿ ಬಂತು. ರಾಟೆ ಕಿರ್ರ್... ಅಂತು. ಗಾಳಿ ಇರಲಿಲ್ಲ.

ಮಣ್ಣು ಮಾಡಿದ ಜಾಗ ದಾಟುವಾಗ ಸತ್ತವರನ್ನು ಹೆಸರು ಹಿಡಿದು ಕರೆಯಬಾರದು. ಕರೆದರೆ ಬರುವುದು ಅವರೇ ಆಗಿರುವುದಿಲ್ಲವಂತೆ. ನಮ್ಮಲ್ಲಿ ಕೂಸಿಗೂ ಗೊತ್ತು. ಇವನು ಕರೆದ.

"ಮರಿಸ್ವಾಮೀ... ಅವ್ವ ಉಣವಲ್ಲಳೋ. ಒಂದ್ಸಲ ಬಾರಲೇ."

ಹಿಂದೆ... ಟಿಕ್. ಟಿಕ್. ತಿರುಗಿ ನೋಡದೆ ಓಡಿದ.

ಮನೆಯಲ್ಲಿ ದೊಡ್ಡಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೋರ್ಡಿನ ಕೆಂಪು ದೀಪ ಹತ್ತಿತು. ಟೀವಿ ಮಾತ್ರ ಕಪ್ಪು. ಕಾರ್ಡು ಕಿತ್ತ, ಅಂಗಿಗೆ ಒರೆಸಿದ, ಹಾಕಿದ. ಕಪ್ಪೇ. ಕೂತಲ್ಲೇ ಅತ್ತುಬಿಟ್ಟ. ಮತ್ತೊಮ್ಮೆ ಹಾಕಿದಾಗ ಪರದೆ ಬೆಳಗಿತು. ಜಾಯ್‌ಸ್ಟಿಕ್ ಹೊಂದಿಸು ಅಂತು. ಮೇಲೆ, ಕೆಳಗೆ, ಎಡ, ಬಲ... ಅದು ಕೇಳಿದ ಗುಂಡಿಗಳನ್ನು ಒಂದೊಂದಾಗಿ ಒತ್ತಿದ. ಮುಗಿಯಿತು ಅನ್ನುವಷ್ಟರಲ್ಲಿ ಪರದೆ ಮತ್ತೆ ಕೇಳಿತು. ಎರಡನೇ ಜಾಯ್‌ಸ್ಟಿಕ್ ಹೊಂದಿಸು.

ಎರಡನೇದು ಇರಲೇ ಇಲ್ಲರಿ!

ಟಿಕ್... ಪರದೆಯಲ್ಲಿ 'ಮೇಲೆ' ತುಂಬಿತು. ಟಿಕ್... 'ಕೆಳಗೆ'. ಸದ್ದು ಅವನ ಎಡಮಗ್ಗುಲಿನ ಬರೀ ಚಾಪೆಯಿಂದ. ಓಬಳಪ್ಪ ವೈರು ಕೀಳಲು ಕೈ ಹಾಕಿದ.

"ಕೀಳಬ್ಯಾಡ ಲೇ." ದೊಡ್ಡಮ್ಮ ಎದ್ದು ಕೂತಿದ್ದಳು. "ಅನ್ನ ಹಾಕ್ಕೊಂಡ್ ಬಾ."

"ಅವ್ವಾ... ಅದು ಅವನಲ್ಲವ್ವಾ."

"ಯಾರಾರ ಇರಲಿ. ಹಸದೈತಿ. ಜಲ್ದಿ ತಾ."

ಏನು ಮಾಡಿಯಾನು? ಕಿತ್ತರೆ ಅವ್ವ ಉಳಿಯುವುದಿಲ್ಲ. ತಂದಿಟ್ಟ. ದೊಡ್ಡಮ್ಮ ತಾನೊಂದು ತುತ್ತು ಉಂಡಳು. ಇನ್ನೊಂದನ್ನು ಚಾಪೆಯ ಮೇಲಿನ ಖಾಲಿ ಜಾಗಕ್ಕೆ ಹಿಡಿದಳು. ಕೈ ಬರಿದಾಗಿ ಬಂತು. ಚಾಪೆ ಮೇಲೆ ಒಂದು ಅಗುಳೂ ಬೀಳಲಿಲ್ಲ.

ಈಗಲೂ ರಾತ್ರಿ ಆ ಗೇಮು ಹಚ್ಚಿದರೇನೇ ದೊಡ್ಡಮ್ಮ ಉಣ್ಣುವುದು. ಮೈಕೈ ತುಂಬಿಕೊಂಡಿದ್ದಾಳೆ. ಓಬಳಪ್ಪ ನನ್ನ ಕೈ ಹಿಡಿದು ಅತ್ತ.

"ಕಿತ್ತುಬಿಡ್ಲೇನಕ್ಕಾ?"

 

ನಂಬಿದರೆ ನಂಬ್ರಿ, ಬಿಟ್ಟರೆ ಬಿಡ್ರಿ. ಮೊನ್ನೆ ದೊಡ್ಡಮ್ಮನ ತುತ್ತಿಡುವ ಬಲಗೈ ಬೆರಳಿನ ಗಾಯಕ್ಕೆ ಅರಿಶಿನ ಹಚ್ಚಿದವಳು ನಾನೇ. ತುದಿಯಲ್ಲೆಲ್ಲ ಹಲ್ಲಿನ ಗುರುತು. ಹಾಲುಹಲ್ಲಿನಷ್ಟು ಸಣ್ಣವು.