ಮೂರು ಹೊಸಹಳ್ಳಿ, ಒಂದು ತೊಟ್ಟಿಲು

ಹಿಂದೆ ಕುಂತವರು ಮುಂದೆ ಬರ್ರಿ, ಆಕಳಿಸೋರು ಎದ್ದು ಮನೆಗೆ ಹೋಗ್ರಿ. ಈ ಕಥೆಯನ್ನ ನನ್ನಂಗೆ ಹೇಳೋನು ಸುತ್ತಲ ಸೀಮೆಯಲ್ಲೇ ಇಲ್ಲ. ಇದ್ದರೆ ಕರ್ಕೊಂಡು ಬರ್ರಿ, ಅವನಿಗೂ ನಾನೇ ಹೇಳ್ತೀನಿ.

ಒಂದಾನೊಂದು ಸೀಮೆ. ಆ ಸೀಮೆಯಲ್ಲಿ ಮೂರು ಹೊಸಹಳ್ಳಿ. ಹೊಸದಾಗಿ ಕಟ್ಟಿಕೊಂಡ ಊರನ್ನ ಮತ್ತೇನಂತ ಕರೀತಾರೆ, ನೀವೇ ಹೇಳ್ರಿ. ಮೂರೂರಿಗೂ ಬೀರಪ್ಪನೇ ದೇವರು. ಮನೆಮನೆಯ ಹಿರೇಮಗನೂ ಬೀರಪ್ಪನೇ.

ದೂರದ ಒಂದು ಹಟ್ಟಿಯಲ್ಲಿ ದ್ಯಾಮವ್ವ ಅನ್ನೋ ಹೆಣ್ಣುಮಗಳಿದ್ದಳು. ತಾಯಿ ಹೊನ್ನವ್ವ ತೀರಿಕೊಂಡ ಮೇಲೆ ತಂಗಿ ಗುತ್ತೆವ್ವನ್ನ ಎತ್ತಿ ಆಡಿಸಿ, ದೊಡ್ಡವಳನ್ನ ಮಾಡಿ, ಹೊಸಹಳ್ಳಿ ಬೀರಪ್ಪನಿಗೆ ಧಾರೆ ಎರೆದು ಕೊಟ್ಟಿದ್ದಳು. ಆ ಊರನ್ನ ಕಣ್ಣಾರೆ ಕಂಡವಳಲ್ಲ.

ಒಂದಿನ ಬಳೆಗಾರ ಬಂದು ಹೇಳಿದ: "ದ್ಯಾಮಕ್ಕಾ, ಗುತ್ತೆವ್ವ ಹೆಣ್ಣು ಹಡೆದಾಳೆ. ಹುಣ್ಣಿಮೆಯೊಳಗೆ ತವರಿನ ತೊಟ್ಟಿಲು ಬರದಿದ್ದರೆ ಅತ್ತೆ ತನ್ನ ಕಡೆಯ ಹೆಸರಿಡ್ತಾಳಂತೆ. ನಿನ್ನ ತಂಗಿಗೆ ಅವ್ವನ ಹೆಸರೇ ಆಗಬೇಕಂತೆ."

ಅವರಲ್ಲಿ ಪದ್ಧತಿ ಹಂಗೆ. ತೊಟ್ಟಿಲು ತಂದವರೇ ಹೆಸರಿಡಬೇಕು. ಹೊಸ್ತಿಲು ದಾಟುವಾಗ ತೊಟ್ಟಿಲಿಗೆ ಹೇಳಿದ ಹೆಸರನ್ನ ದಾರಿಯಲ್ಲಿ ಬದಲಿಸೋ ಹಂಗಿಲ್ಲ. ಖಾಲಿ ತೊಟ್ಟಿಲು ತೂಗಾಡಬಾರದು, ಅದಕ್ಕೆ ಒಳಗೊಂದು ಗುಂಡುಕಲ್ಲು. ದ್ಯಾಮವ್ವ "ಹೊನ್ನವ್ವ" ಅಂದಳು, ಕಲ್ಲಿಟ್ಟಳು, ತೊಟ್ಟಿಲು ಹೊತ್ತಳು. ಯಾವ ಹೊಸಹಳ್ಳಿ ಅಂತ ಕೇಳಿದಳಾ? ಒಂದೇ ಇದೆ ಅಂದುಕೊಂಡವಳು ಏನಂತ ಕೇಳ್ತಾಳೆ?

ನಡೆದಳು, ನಡೆದಳು, ನಡೆದಳು. ಕತ್ತು ಹೆಗಲೊಳಗೆ ಇಳಿಯಿತು. ಮೊದಲ ಹೊಸಹಳ್ಳಿ ಬಂತು.

"ಬೀರಪ್ಪನ ಹೆಂಡತಿಗೆ ತೊಟ್ಟಿಲು ಬಂತ್ರೋ" ಅಂತ ಜನ ಕೂಗಿಕೊಂಡು ಒಂದು ಮನೆಗೆ ಕರೆದೊಯ್ದರು. ಒಳಗೆ ಬಾಣಂತಿ, ಮಗ್ಗುಲಲ್ಲಿ ಹೆಣ್ಣುಕೂಸು. ಮುಖ ನೋಡಿದರೆ ಗುತ್ತೆವ್ವ ಅಲ್ಲ.

"ಊರು ತಪ್ಪಿತವ್ವಾ. ಇನ್ನೊಂದು ಹೊಸಹಳ್ಳಿ ಎಲ್ಲೈತೆ?"

"ಇನ್ನೊಂದಾ?" ಅಂದ ಒಬ್ಬ ಮುದುಕ. "ಇರೋದು ನಮ್ಮದೊಂದೇ. ಹಳ್ಳದಾಚೆಯೋರು ನಮ್ಮ ಹೆಸರು ಕದ್ದ ಕಳ್ಳರು."

ದ್ಯಾಮವ್ವ ತೊಟ್ಟಿಲು ಎತ್ತಿದಳು. ಬಾಣಂತಿ ಸೆರಗು ಹಿಡಿದಳು. "ಅಕ್ಕಾ, ನನಗೆ ತವರಿಲ್ಲ, ಅತ್ತೆಯೂ ಇಲ್ಲ. ತೊಟ್ಟಿಲು ತರೋರಿಲ್ಲ ಅಂತ ಕೂಸಿಗೆ ಹೆಸರೂ ಇಲ್ಲ. ಒಂದು ಗಳಿಗೆ ತೂಗಿ ಹೋಗೇ."

ಆಕಾಶದಲ್ಲಿ ಚಂದ್ರ ತುಂಬ್ತಾ ಇದ್ದಾನೆ. ಹೋಗಬೇಕಿತ್ತು ತಾನೇ? ಹೋಗಲಿಲ್ಲ. ಕಲ್ಲು ತೆಗೆದಳು, ಕೂಸು ಮಲಗಿಸಿದಳು, ಜೋಗುಳ ಹಾಡಿದಳು. ತನ್ನ ಹತ್ರ ಇದ್ದದ್ದೊಂದೇ ಹೆಸರನ್ನ ಕೂಸಿನ ಕಿವಿಯಲ್ಲಿ ಉಸುರಿದಳು: ಹೊನ್ನವ್ವ.

ಮತ್ತೆ ನಡೆದಳು, ನಡೆದಳು, ನಡೆದಳು. ಹಳ್ಳದಾಚೆ ಎರಡನೇ ಹೊಸಹಳ್ಳಿ. ಅಲ್ಲೂ ಬೀರಪ್ಪ, ಅಲ್ಲೂ ತವರಿಲ್ಲದ ಬಾಣಂತಿ.

"ಕಳ್ಳರು ನಾವಲ್ಲ, ಗುಡ್ಡದ ಮಗ್ಗುಲೋರು" ಅಂದರು ಅಲ್ಲಿಯವರು.

ಈ ಸಲ ಕೂಸು ಗಂಡು. "ನನ್ನ ಹತ್ರ ಇರೋದು ಹೆಣ್ಣಿನ ಹೆಸರವ್ವಾ" ಅಂದಳು ದ್ಯಾಮವ್ವ.

"ತುದಿ ಒಂಚೂರು ತಿದ್ದಿ ಕೊಡು ಅಕ್ಕಾ, ಸಾಕು."

ಹೊನ್ನಪ್ಪ ಆದ.

ಹುಣ್ಣಿಮೆ ಸಂಜೆ ಗುಡ್ಡದ ಮಗ್ಗುಲ ಮೂರನೇ ಹೊಸಹಳ್ಳಿ ಸಿಕ್ಕಿತು. ಅತ್ತೆ ಕೂಸನ್ನ ಎತ್ತಿಕೊಂಡು, ತನ್ನ ಕಡೆಯ ಹೆಸರು ಹೇಳೋಕೆ ಬಾಯಿ ತೆರೆದಿದ್ದಳು. ಹೊಸ್ತಿಲಲ್ಲಿ ದಡ್ ಅಂತ ತೊಟ್ಟಿಲು ಇಳಿಯಿತು.

"ಅಕ್ಕಾ" ಅಂದಳು ಗುತ್ತೆವ್ವ.

ಅತ್ತೆ ತೊಟ್ಟಿಲು ಮೂಸಿದಳು. "ಹಾಲು ನಾರ್ತೈತೆ. ಯಾರನ್ನ ಮಲಗಿಸಿದ್ದೆ, ಬೀಗಿತ್ತಿ?"

ದ್ಯಾಮವ್ವ ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ನಕ್ಕಳು. "ಕೇಳಿದೆಯಾ ಗುತ್ತಿ? ನಿನ್ನವ್ವನ ಹೆಸರನ್ನ ದಾರಿಯಲ್ಲೇ ಹಂಚಿ ಬಂದಾಳೆ."

ಗುತ್ತೆವ್ವನ ಮುಖ ಕಪ್ಪಿಟ್ಟಿತು. "ಹೌದೇನಕ್ಕಾ? ನನ್ನ ಮಗಳಿಗೆ ಅಂತ ಹೊರಟಿದ್ದನ್ನ ಕೊಟ್ಟುಬಿಟ್ಟೆಯಾ?"

ದ್ಯಾಮವ್ವ ನೋಯ್ತಿದ್ದ ಕತ್ತು ಉಜ್ಜಿಕೊಂಡಳು. "ಹೆಸರೇನು ರೊಟ್ಟಿಯೇನೇ, ಮುರಿದು ಕೊಟ್ಟರೆ ಕಡಿಮೆಯಾಗೋಕೆ? ಅವ್ವ ಸತ್ತಾಗ ಆ ಹೆಸರು ಕರೆಯೋರೇ ಇಲ್ಲ ಅಂತ ನೀನೇ ಅತ್ತಿದ್ದೆಯಲ್ಲ. ಇನ್ನು ಮೂರೂರಲ್ಲಿ ಸಂಜೆ ದೀಪ ಹಚ್ಚೋ ಹೊತ್ತಿಗೆ ಕರೀತಾರೆ ನೋಡು."

ಗುತ್ತೆವ್ವ ಅತ್ತೆಯ ಕೈಯಿಂದ ಕೂಸು ಈಸಿಕೊಂಡು ತೊಟ್ಟಿಲಲ್ಲಿ ಮಲಗಿಸಿದಳು. "ಹೆಸರು ಹಿಡಿದು ಕರಿ ಅಕ್ಕಾ" ಅಂದಳು.

ಅವತ್ತಿಂದ ಆ ಸೀಮೆಯಲ್ಲಿ ಯಾರೂ ಯಾರನ್ನೂ ಹೆಸರುಗಳ್ಳರು ಅನ್ನಲಿಲ್ಲ. ಅನ್ನೋಕೆ ಬಾಯಿ ಬರಬೇಕಲ್ಲ, ಮೂರೂರ ಮೊಮ್ಮಕ್ಕಳೇ ಒಂದೇ ಹೆಸರು ಹಂಚಿಕೊಂಡಿರುವಾಗ.

ತೊಟ್ಟಿಲು ಅಲ್ಲಿ ತೂಗ್ತಾ ಐತೆ, ನಾನು ಇಲ್ಲಿ ನಿಲ್ಲಿಸ್ತೀನಿ. ಕಲ್ಲು ಹೊತ್ತವಳ ಕತ್ತು ತಣ್ಣಗಿರಲಿ, ಕಥೆ ಕೇಳಿದವರ ಮನೆ ತುಂಬಿರಲಿ.