ದೀಪ ಇರುವ ಪೆಟ್ಟಿಗೆ

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯ ಸರದಿಯಲ್ಲಿ ನನಗಿಂತ ಮುಂದೆ ಗಂಡ ಹೆಂಡತಿ ನಿಂತಿದ್ದರು. ಹೆಂಡತಿ ಗ್ರಾಫ್ ಹಾಳೆಯ ಮೇಲೆ ಬೇಕಾದ ಭಾಗಗಳನ್ನು ಒಪ್ಪವಾಗಿ ಪಟ್ಟಿ ಮಾಡಿ ತಂದಿದ್ದಳು. ಗಂಡ ಅದರಲ್ಲಿ ಒಂದೊಂದನ್ನೇ ಪೆನ್ನಿನಿಂದ ಹೊಡೆದುಹಾಕುತ್ತಿದ್ದ.

“ಗ್ರಾಫಿಕ್ಸ್ ಕಾರ್ಡ್ ಯಾಕೆ? ನಾವೇನು ಆಟ ಆಡ್ತೀವಾ?”

“ಕಟ್ಟಡದ ನಕ್ಷೆ ತಿರುಗಿಸಿ ನೋಡೋಕೆ ಅದು ಬೇಕು. ಇದಿದ್ರೆ ಮನೆಯಿಂದ್ಲೇ ಕೆಲಸ ಕೊಡ್ತೀವಿ ಅಂದಿದ್ದಾರೆ ಹಳೇ ಆಫೀಸಿನವ್ರು.”

“ಕೊಟ್ಟಾಗ ನೋಡೋಣ. ಮೆಮೊರಿ ಮೂವತ್ತೆರಡು ಜಿಬಿನಾ? ಎಂಟು ಸಾಕು.”

“ಎಂಟರಲ್ಲಿ ನಕ್ಷೆ ತೆರೆಯೋದೇ ಇಲ್ಲ.”

“ಪುಟ್ಟಿ ಸ್ಕೂಲಿನ ಪಾಠ ತೆರೆಯುತ್ತಲ್ಲ.”

“ಇದು ಪುಟ್ಟಿಗೆ ಅಂತ ಯಾರು ಹೇಳಿದ್ರು?”

“ಮತ್ತೆ ನಿನಗೊಬ್ಬಳಿಗೇನಾ? ಬಜೆಟ್ ಒಳಗೆ ಬರ್ಬೇಕಲ್ಲ. ಆ ದೀಪ ಇರೋ ಗಾಜಿನ ಪೆಟ್ಟಿಗೆ ತಗೊಳ್ಳೋಣ. ಹಾಲ್‌ನಲ್ಲಿಟ್ರೆ ಅಕ್ಕ ಭಾವ ಬಂದಾಗ ಲಕ್ಷಣವಾಗಿ ಕಾಣುತ್ತೆ.”

“ಒಳಗೇನೂ ಇಲ್ಲದ ಪೆಟ್ಟಿಗೆಗೆ ದೀಪ ಬೇರೆ ಕೇಡು.”

“ಇಲ್ಲಿ ಶುರು ಮಾಡ್ಬೇಡ.”

ಅಂಗಡಿಯವನು ತಲೆಯೆತ್ತದೆ ಕೇಳಿದ: “ಜೋಡಿಸಿ ಕೊಡ್ಬೇಕಾ? ಅದಕ್ಕೆ ಬೇರೆ ಚಾರ್ಜು.”

“ಬೇಡ, ಇವಳೇ ಜೋಡಿಸ್ತಾಳೆ,” ಎಂದ ಗಂಡ. “ಆರು ತಿಂಗಳಿಂದ ವಿಡಿಯೊ ನೋಡಿ ಎಲ್ಲ ಕಲಿತಿದ್ದಾಳೆ.” ಅವನ ಧ್ವನಿಯಲ್ಲಿ ಹೆಮ್ಮೆಯಿತ್ತು.

“ಆಫೀಸಿಗೆ ಏನು ಹೇಳ್ಲಿ?”

“ಮುಂದಿನ ವರ್ಷ ಅನ್ನು.”

“ಹೋದ ವರ್ಷಾನೂ ಅದನ್ನೇ ಹೇಳಿದ್ದೆ.”

ಹಣ ಕಟ್ಟಿದ ಮೇಲೆ ಗಾಜಿನ ಪೆಟ್ಟಿಗೆಯ ಒಂದು ತುದಿಯನ್ನು ಅವನು, ಇನ್ನೊಂದನ್ನು ಅವಳು ಹಿಡಿದು ಬಾಗಿಲಿನತ್ತ ನಡೆದರು.

“ನಿಧಾನ,” ಎಂದ ಅವನು. “ಗಾಜು ಅದು. ಒಡೆದೀತು.”