ಹಿಂದಿಟ್ಟ ಹೆಜ್ಜೆಗಳನ್ನು ಎಣಿಸಿದ ಊರು

ತಾಯಂದಿರೇ, ಅಣ್ಣಂದಿರೇ, ಇಷ್ಟು ಹೊತ್ತು ಸಹನೆಯ ಬಗ್ಗೆ ಮಾತಾಡಿದೆವು. ಸಹನೆ ದೊಡ್ಡದು ಎಂದಾಗ ಎಲ್ಲರೂ ತಲೆಯಾಡಿಸಿದಿರಿ. ತಲೆಯಾಡಿಸುವುದು ಸುಲಭ. ಆದರೆ ಒಂದು ಪ್ರಶ್ನೆ ಉಳಿಯಿತು. ಹುಟ್ಟಿನಿಂದಲೇ ಸಹನೆ ಇದ್ದವನು, ಅದರಿಂದಲೇ ಬದುಕಿ ಬಂದವನು, ಒಂದು ದಿನ ಅದನ್ನು ಯಾಕೆ ಬಿಟ್ಟುಬಿಡುತ್ತಾನೆ? ಎದುರಿಗೆ ಬಂದವನು ಅಷ್ಟು ಜೋರಾಗಿದ್ದನೇ? ಅಥವಾ ಬೇರೆ ಏನಾದರೂ ಇತ್ತೇ? ಇದಕ್ಕೊಂದು ದೃಷ್ಟಾಂತ ಹೇಳುತ್ತೇನೆ. ಸಂತೋಷದ ಕಥೆಯಲ್ಲ. ಆದರೂ ಕೇಳಿ.

ರೈಲ್ವೆ ಕಾರ್ಖಾನೆ ಇದ್ದ ಒಂದೂರಿನಲ್ಲಿ ಒಬ್ಬ ಬಾಕ್ಸರ್ ಇದ್ದ. ಹೆಸರು ಬೇಡ. ಅವನಿಗೊಬ್ಬ ಅಣ್ಣನಿದ್ದ, ಆದ್ದರಿಂದ ಇವನನ್ನು ತಮ್ಮ ಎಂದೇ ಕರೆಯೋಣ. ಅಪ್ಪ ಅವ್ವ ಬೇಗ ಹೋಗಿದ್ದರು. ತಮ್ಮನನ್ನು ಸಾಕಿದವನು ಅಣ್ಣನೇ. ಇಬ್ಬರೂ ಕಾರ್ಖಾನೆಯಲ್ಲಿ ಖಲಾಸಿಗಳು, ಕಬ್ಬಿಣ ಎತ್ತುವುದು, ಇಳಿಸುವುದು.

ತಮ್ಮನ ಸ್ವಭಾವ ಹೇಗಿತ್ತೆಂದರೆ, ಬೆಳಿಗ್ಗೆ ನಲ್ಲಿಯ ಹತ್ತಿರ ಯಾರಾದರೂ ಅವಸರದಲ್ಲಿ ಬಂದರೆ ತನ್ನ ಕೊಡ ಪಕ್ಕಕ್ಕೆ ಎತ್ತಿಟ್ಟು, "ನೀವು ತುಂಬ್ಕೊಳ್ರಿ ಅಕ್ಕಾರ, ನನಗೇನ್ ಅವಸರ ಇಲ್ಲ" ಅನ್ನುತ್ತಿದ್ದ. ಕ್ಯಾಂಟೀನಿನ ಬೆಂಚಿನ ಮೇಲೆ ಇನ್ನೊಬ್ಬ ಬಂದರೆ ಕರೆಯುವ ಮೊದಲೇ ಸರಿದು ಜಾಗ ಮಾಡುತ್ತಿದ್ದ. ಇಂಥವರು ನಮ್ಮ ಓಣಿಯಲ್ಲೂ ಇರುತ್ತಾರೆ, ನಾವು ಗಮನಿಸುವುದಿಲ್ಲ ಅಷ್ಟೆ.

ಬಾಕ್ಸಿಂಗ್ ರಿಂಗಿನಲ್ಲೂ ಅವನು ಹಾಗೆಯೇ ಆಡುತ್ತಿದ್ದ. ಎದುರಿನವನು ನುಗ್ಗಿ ಬಂದರೆ ಇವನು ಒಂದು ಹೆಜ್ಜೆ ಹಿಂದೆ. ಬಂದ ಹೊಡೆತ ಗಾಳಿಗೆ. ಅದು ಗಾಳಿಗೆ ಬಿದ್ದ ಕ್ಷಣದಲ್ಲಿ ಇವನ ಉದ್ದನೆಯ ಎಡಗೈ ಹೋಗಿ ಅವನ ಮುಖ ಮುಟ್ಟಿ ಬರುತ್ತಿತ್ತು. ಮತ್ತೆ ಒಂದು ಹೆಜ್ಜೆ ಹಿಂದೆ. ಆರು ವರ್ಷ ಆಡಿದ, ಮುಖದ ಮೇಲೆ ಒಂದು ಗೀರೂ ಬೀಳಲಿಲ್ಲ. ಅವನಿಗೆ ಕಲಿಸಿದ ಮುದುಕರು, ಆ ಕಡೆ ವಸ್ತಾದ ಅನ್ನುತ್ತಾರೆ, ಅವರು ಹೇಳುತ್ತಿದ್ದರು: "ಹೊಡಿಯೋದು ನಾ ಯಾರಿಗೆ ಬೇಕಾದ್ರೂ ಕಲಸ್ತೀನಿ. ಈ ಹಿಂದಿನ ಹೆಜ್ಜಿ ಮಾತ್ರ ನಾ ಕಲಿಸಿದ್ದಲ್ಲ. ಇವ ಬರೋವಾಗನ ತಂದಾನ."

ಆದರೆ ಆ ಊರು ಮೊದಲಿನಿಂದ ಕುಸ್ತಿಯ ಊರು. ಅಖಾಡದಲ್ಲಿ ಹಿಂದೆ ಸರಿದವನಿಗೆ ಮರ್ಯಾದೆ ಇಲ್ಲ. ಬಾಕ್ಸಿಂಗ್ ಆಮೇಲೆ ಬಂತು, ಜನರ ಕಣ್ಣು ಮಾತ್ರ ಕುಸ್ತಿಯ ಕಣ್ಣಾಗಿಯೇ ಉಳಿಯಿತು. ಅಲ್ಲಿ ಒಂದು ರೂಢಿ ಇತ್ತು. ಬಾಕ್ಸರ್ ಹಿಂದೆ ಹೆಜ್ಜೆ ಇಟ್ಟರೆ ಎದುರು ಪಕ್ಷದ ಜನ ಅದನ್ನು ಕೂಗಿ ಎಣಿಸುತ್ತಿದ್ದರು. ಒಂದು! ಎರಡು! ಮೂರು! ತೀರ್ಪುಗಾರರು ಮೇಜಿನ ಮೇಲೆ ಬರೆಯುತ್ತಿದ್ದದ್ದು ತಾಗಿದ ಹೊಡೆತಗಳನ್ನು. ಊರು ಎಣಿಸುತ್ತಿದ್ದದ್ದು ಸರಿದ ಹೆಜ್ಜೆಗಳನ್ನು. ನೋಡಿ, ಆಟ ಒಂದೇ, ಲೆಕ್ಕ ಎರಡು. ಆದರೂ ಒಂದು ಮರ್ಯಾದೆ ಉಳಿದಿತ್ತು. ತನ್ನ ಕಡೆಯವನ ಹೆಜ್ಜೆಯನ್ನು ಮಾತ್ರ ಯಾರೂ ಎಣಿಸುತ್ತಿರಲಿಲ್ಲ.

ಆ ವರ್ಷ ತಮ್ಮನಿಗೆ ಒಳ್ಳೆಯ ದಿನ ಬಂದಿತ್ತು. ರೈಲು ಎಂಜಿನ್ನಿನಲ್ಲಿ ಸಹಾಯಕ ಚಾಲಕನ ಕೆಲಸಕ್ಕೆ ಆರಿಸಿದ್ದರು. ಬರೆಯುವ ಪರೀಕ್ಷೆ ಆಗಿತ್ತು, ಉಳಿದದ್ದು ಕಣ್ಣಿನ ಪರೀಕ್ಷೆ ಒಂದೇ. ಎಂಜಿನ್ ಓಡಿಸುವವನಿಗೆ ಎರಡು ಕಣ್ಣೂ ಚೊಕ್ಕವಾಗಿರಬೇಕು. ಪರೀಕ್ಷೆಗೆ ಹನ್ನೆರಡು ದಿನ ಇರುವಾಗ ವಾರ್ಷಿಕ ಪಂದ್ಯ ಬಂತು. ಹೆಸರು ಕೊಟ್ಟಾಗಿತ್ತು. ಎದುರಾಳಿ ಎಂಜಿನ್ ಶೆಡ್ಡಿನವನು, ಗಂಟೆ ಹೊಡೆದ ಕೂಡಲೇ ಗೂಳಿಯ ಹಾಗೆ ನುಗ್ಗುವವನು.

ವಸ್ತಾದರು ಗ್ಲೌಸಿನ ದಾರ ಬಿಗಿಯುತ್ತ ಹೇಳಿದರು: "ತಮ್ಮಾ, ಅವ ಬಂದಾಗೆಲ್ಲ ಹಿಂದಕ್ಕ ಸರಿ. ಮೂರ ಸುತ್ತು. ಅವ ಬರತಾನ, ನೀ ಸರಿತಿ. ಮುಗೀತು. ಕಣ್ಣ ಕಾಯ್ಕೋ."

"ಹೂನ್ರಿ."

"ಹೂಂ ಅನ್ನೋದಲ್ಲ. ಕಿವೀನೂ ಕಾಯ್ಕೋ."

ಮೊದಲ ಸುತ್ತು. ಅವನು ನುಗ್ಗಿದ, ಇವನು ಸರಿದ, ಎಡಗೈ ಮುಖ ಮುಟ್ಟಿ ಬಂತು. ಶೆಡ್ಡಿನ ಜನ ಎಣಿಸತೊಡಗಿದರು. ಸುತ್ತು ಮುಗಿಯುವಾಗ ಇಪ್ಪತ್ತಾರು. ನಡುವೆ ಒಮ್ಮೆ ಎದುರಾಳಿಯ ಬೂಟಿನ ದಾರ ಬಿಚ್ಚಿಕೊಂಡಾಗ ಇವನೇ ಕೈ ಎತ್ತಿ ರೆಫರಿಗೆ ತೋರಿಸಿದ. ಅದನ್ನು ಯಾರೂ ಎಣಿಸಲಿಲ್ಲ. ಎರಡನೆಯ ಸುತ್ತೂ ಹಾಗೆಯೇ. ಶೆಡ್ಡಿನವನ ಮೂಗು ಕೆಂಪಾಯಿತು, ಬಾಯಿ ತೆರೆಯಿತು. ಇವನ ಮೈಮೇಲೆ ಒಂದು ಹೊಡೆತವೂ ಸರಿಯಾಗಿ ತಾಗಿರಲಿಲ್ಲ. ಎಣಿಕೆ ಮಾತ್ರ ಐವತ್ತು ದಾಟಿತು.

ಬೆಂಚಿನ ಮೇಲೆ ಅಣ್ಣ ಕೂತಿದ್ದ. ಅವನ ಹಿಂದೆ ಕೂತ ಕಾರ್ಖಾನೆಯವರೇ ಸುಮ್ಮನಿರಲಿಲ್ಲ.

"ಏನಪಾ, ನಿನ್ನ ತಮ್ಮ ಹಿಂಗ ಹಿಂದಕ್ಕ ಹೋದ್ರ ಸ್ಟೇಷನ್ ಮುಟ್ಟತಾನ ನೋಡು. ಟಿಕೀಟ್ ತಗಸೀಯೋ ಇಲ್ಲೋ?"

"ಏ, ಅವನ್ನ ಎಂಜಿನ್ ಮ್ಯಾಲ ಕುಂದರಸಬ್ಯಾಡ್ರಿ. ಗಾಡಿ ಹಿಂದಕ್ಕ ಬಿಡ್ತಾನ!"

ಎಲ್ಲರೂ ನಕ್ಕರು. ಅಣ್ಣನ ಕಿವಿ ಕೆಂಪಾದವು. ಅವನು ಕೆಟ್ಟವನಲ್ಲ. ತಾನು ಅರ್ಧ ರೊಟ್ಟಿ ತಿಂದು ತಮ್ಮನಿಗೆ ಒಂದೂವರೆ ಕೊಟ್ಟು ಬೆಳೆಸಿದವನು. ಆದರೆ ನಾಲ್ಕು ಜನರ ನಗು ಬೆನ್ನಿಗೆ ಬಿದ್ದಾಗ ಒಳ್ಳೆಯವನಿಗೂ ಒಂದು ಆಸೆ ಹುಟ್ಟುತ್ತದೆ. ನಾನು ನಗುವವರ ಕಡೆಯವನು ಎಂದು ತೋರಿಸಬೇಕು, ನಗಿಸಿಕೊಳ್ಳುವವರ ಕಡೆಯವನಲ್ಲ ಎಂದು ತೋರಿಸಬೇಕು. ಬರುತ್ತದೋ ಇಲ್ಲವೋ ನಿಮಗೂ ಅಂಥ ಆಸೆ?

ಮೂರನೆಯ ಸುತ್ತಿನಲ್ಲಿ ತಮ್ಮ ಒಂದು ಹೆಜ್ಜೆ ಹಿಂದಿಟ್ಟ. ಶೆಡ್ಡಿನವರು ಕೂಗುವ ಮೊದಲೇ ಈ ಕಡೆಯಿಂದ ಒಂದು ದನಿ ಬಂತು.

"ಐವತ್ತೇಳು!"

ಸಾವಿರ ಜನರ ಗದ್ದಲದಲ್ಲೂ ತಮ್ಮನಿಗೆ ಆ ದನಿ ಗೊತ್ತಾಯಿತು. ಬೆಳಿಗ್ಗೆ ಎಬ್ಬಿಸುವ ದನಿ. ಜ್ವರ ಬಂದಾಗ ಹಣೆ ಮುಟ್ಟಿ ಮಾತಾಡುವ ದನಿ. ಮತ್ತೊಂದು ಹೆಜ್ಜೆ ಇಟ್ಟ. "ಐವತ್ತೆಂಟು!" ಅದೇ ದನಿ.

ತಮ್ಮ ನಿಂತುಬಿಟ್ಟ. ಎರಡೂ ಕಾಲು ನೆಲಕ್ಕೂರಿ ನಿಂತ. ವಸ್ತಾದರು ಹಗ್ಗ ಹಿಡಿದು ಕೂಗಿದರು, "ಸರಿಯೋ! ತಮ್ಮಾ, ಸರಿಯೋ! ಗೆದ್ದೀಯೋ, ಸರಿಯೋ!" ಕೇಳಲಿಲ್ಲ. ನುಗ್ಗಿ ಬಂದವನಿಗೆ ಇವನೂ ನುಗ್ಗಿದ. ತನಗೆ ಗೊತ್ತಿಲ್ಲದ ಆಟವನ್ನು, ಎದುರಿನವನಿಗೆ ಚೆನ್ನಾಗಿ ಗೊತ್ತಿದ್ದ ಆಟವನ್ನು ಆಡತೊಡಗಿದ. ಆಗ ನೋಡಿ, ಅವನ ಕಡೆಯ ಬೆಂಚುಗಳೆಲ್ಲ ಎದ್ದು ನಿಂತವು. ಸಿಳ್ಳೆ, ಚಪ್ಪಾಳೆ. ಆರು ವರ್ಷದಲ್ಲಿ ಅವನಿಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಆ ಚಪ್ಪಾಳೆಯ ನಡುವೆಯೇ ಒಂದು ಹೊಡೆತ ಎಡಗಣ್ಣಿಗೆ ಬಿತ್ತು. ಅದರ ಮೇಲೆ ಇನ್ನೊಂದು, ಅಲ್ಲಿಗೇ. ಅವನು ಬೀಳಲಿಲ್ಲ. ಗಂಟೆ ಹೊಡೆಯುವವರೆಗೂ ನಿಂತೇ ಇದ್ದ.

ಯಾರು ಗೆದ್ದರು ಗೊತ್ತೇ? ಇವನೇ. ಮೊದಲ ಎರಡು ಸುತ್ತು ಪೂರ್ತಿ ಇವನವೇ ಆಗಿದ್ದವು. ತೀರ್ಪುಗಾರರ ಕಾಗದದಲ್ಲಿ ಅವನು ಆಗಲೇ ಮುಂದಿದ್ದ. ರೆಫರಿ ಕೈ ಎತ್ತಿ ಹಿಡಿದ. ಎಡಗಡೆಯಿಂದ ಯಾರು ಬಂದು ಹಾರ ಹಾಕಿದರೋ ಅವನಿಗೆ ಕಾಣಲಿಲ್ಲ.

ಮೂರನೆಯ ದಿನ ಆಸ್ಪತ್ರೆಗೆ ಅವನನ್ನು ನೋಡಲು ಬಂದವನು ಶೆಡ್ಡಿನ ಆ ಎದುರಾಳಿ. ನಾಲ್ಕು ಮೋಸಂಬಿ ತಂದಿದ್ದ. ಒಂದನ್ನು ಸುಲಿದು, ಬೀಜ ತೆಗೆದು, ತೊಳೆಗಳನ್ನು ಇವನ ಬಲಗಡೆ, ಕಾಣುವ ಕಡೆ ಇಟ್ಟ. ಆಮೇಲೆ ಕೇಳಿದ:

"ಅಲ್ಲೋ ಮಾರಾಯ, ಯಾಕ ನಿಂತಿ? ನನ್ನ ಎದ್ಯಾಗ ಉಸುರ ಇದ್ದಿದ್ದಿಲ್ಲ. ನೀ ಇನ್ನ ಹತ್ತ ಹೆಜ್ಜಿ ಹಿಂದಕ್ಕ ಹೋಗಿದ್ದಿ ಅಂದ್ರ ನಾನ ಬೀಳತಿದ್ದೆ. ನೀ ನಿಂತಿದ್ದ ನೋಡಿ ನನಗ ಜೀವ ಬಂತು."

ತಮ್ಮ ಒಂದು ತೊಳೆ ಕೈಗೆ ತೆಗೆದುಕೊಂಡ. ಹಾಗೇ ಹಿಡಿದುಕೊಂಡು ಹೇಳಿದ:

"ಅಣ್ಣ ಎಣಸಾಕತ್ತಿದ್ದ."

ಊಟದ ಡಬ್ಬಿ ಹಿಡಿದುಕೊಂಡು ಬಂದ ಅಣ್ಣ ಬಾಗಿಲಲ್ಲಿ ನಿಂತಿದ್ದ. ಕೇಳಿಸಿತು. ಡಬ್ಬಿಯನ್ನು ಕೆಳಗಿಟ್ಟು, ಅಲ್ಲೇ ಹೊಸ್ತಿಲ ಮೇಲೆ ಕೂತ. ಒಳಗೆ ಹೋಗಲು ಅವನಿಗೆ ಆಗಲಿಲ್ಲ. ಎದ್ದು ಹೋಗಲೂ ಆಗಲಿಲ್ಲ.

ಕಣ್ಣಿನ ಪರೀಕ್ಷೆಯ ದಿನ ಬಂತು. ಬಲಗಣ್ಣಿನಿಂದ ಕೊನೆಯ ಸಾಲಿನ ಸಣ್ಣ ಅಕ್ಷರದವರೆಗೂ ಓದಿದ. ಡಾಕ್ಟರು ಬಲಗಣ್ಣು ಮುಚ್ಚಿಸಿ, "ಈಗ ಓದು" ಅಂದರು. ಅವನು ಹಲಗೆಯ ಕಡೆ ಮುಖ ಮಾಡಿ ನಿಂತ. "ಬೆಳಕೈತ್ರಿ ಸಾಹೇಬ್ರ" ಅಂದ. "ಅಕ್ಷರ ಇಲ್ಲ."

ಎಂಜಿನ್ ಹತ್ತಲಿಲ್ಲ. ನಿವೃತ್ತಿಯಾಗುವವರೆಗೂ ಕಬ್ಬಿಣವನ್ನೇ ಎತ್ತಿದ. ಅಣ್ಣ ತಾನು ಕೆಲಸದಲ್ಲಿದ್ದಷ್ಟೂ ವರ್ಷ ಕಾರ್ಖಾನೆಗೆ ಹೋಗುವಾಗ ಬರುವಾಗ ತಮ್ಮನ ಎಡಗಡೆಯೇ ನಡೆದ, ಸೈಕಲ್ಲು ಗೀಕಲ್ಲು ಬಂದು ತಾಗದಿರಲಿ ಎಂದು. ಆ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಣ್ಣ ಕ್ಷಮೆ ಕೇಳಲಿಲ್ಲ, ತಮ್ಮ ಕೊಡಲೂ ಇಲ್ಲ. ಬರೀ ನಡೆದರು.

ಈಗ ಹೇಳಿ. ಅವನ ಕಣ್ಣು ತೆಗೆದವರು ಯಾರು? ಶೆಡ್ಡಿನವನ ಮುಷ್ಟಿಯೇ? ಆ ಮುಷ್ಟಿ ಎರಡು ಸುತ್ತು ಗಾಳಿಯಲ್ಲೇ ತಿರುಗುತ್ತಿತ್ತಲ್ಲ! ನುಗ್ಗಿ ಬರುವವನು ನಮ್ಮ ಸ್ವಭಾವವನ್ನು ಕಿತ್ತುಕೊಳ್ಳಲಾರ. ಅವನಿಗೆ ಅಷ್ಟು ಶಕ್ತಿಯಿಲ್ಲ, ಅವನ ಉಸಿರೂ ಮುಗಿಯುತ್ತ ಬಂದಿರುತ್ತದೆ. ನಮ್ಮವರು ನಮ್ಮನ್ನು ಹೇಡಿ ಅಂದುಕೊಂಡಾರು ಎಂಬ ಭಯಕ್ಕೆ ನಾವೇ ಅದನ್ನು ಬಿಚ್ಚಿ ಕೆಳಗಿಡುತ್ತೇವೆ.

ನಾವು ರಿಂಗಿನೊಳಗೆ ಹೋಗುವವರಲ್ಲ, ಇದು ನಮಗಲ್ಲ ಎಂದುಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಹೋದ ವಾರ ಜಗಳವಾಯಿತಲ್ಲ? ಒಬ್ಬರು ಏರಿ ಬಂದರು, ಒಬ್ಬರು ಮಾತು ನಿಲ್ಲಿಸಿದರು. ನಿಲ್ಲಿಸಿದವರಿಗೆ ನೀವೇನು ಅಂದಿರಿ? "ನಿನ್ನ ಬಾಯೇನು ಬಿದ್ದು ಹೋಗಿದೆಯಾ? ನೀನು ಹೀಗಿದ್ದರೆ ಎಲ್ಲರೂ ತಲೆ ಮೇಲೆ ಕೂರುತ್ತಾರೆ." ನಿಮ್ಮ ಮಗಳು ಅತ್ತೆಯ ಮಾತಿಗೆ ಎದುರಾಡದೆ ಬಂದು ನಿಮ್ಮ ಮುಂದೆ ಹೇಳಿಕೊಂಡಾಗ, "ಎರಡು ಮಾತು ವಾಪಸ್ಸು ಕೊಡಬೇಕಿತ್ತು" ಅಂದಿರೋ ಇಲ್ಲವೋ? ನಿಮ್ಮ ಗಂಡ ಕಚೇರಿಯಲ್ಲಿ ಒಂದು ಅವಮಾನ ನುಂಗಿಕೊಂಡು ಬಂದ ದಿನ ನೀವು ನಕ್ಕಿರೋ ಇಲ್ಲವೋ? ನಾನೂ ನಕ್ಕವಳೇ. ಮೇಲೆ ಕೂತು ಹೇಳುತ್ತಿದ್ದೇನೆಂದು ತಿಳಿಯಬೇಡಿ.

ಸಹಿಸಿ ಸಹಿಸಿ ಹೊಡೆಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ತಮ್ಮ ಸರಿಯುತ್ತಲೇ ಗೆಲ್ಲುತ್ತಿದ್ದ, ಅದನ್ನು ಮರೆಯಬೇಡಿ. ಅವನ ಎಡಗೈ ಸುಮ್ಮನಿರಲಿಲ್ಲ. ನಿಮ್ಮದೂ ಸುಮ್ಮನಿರಬೇಕಿಲ್ಲ. ಆದರೆ ನಿಮ್ಮ ಆಟವನ್ನು ನೀವು ಆಡಿ. ಅವರು ಕೂಗಿದರೆಂದು ನೀವು ಕೂಗಬೇಡಿ. ಹೇಳಬೇಕಾದ ಮಾತಿದ್ದರೆ ಮರುದಿನ ಬೆಳಿಗ್ಗೆ, ನಿಮ್ಮ ದನಿಯಲ್ಲೇ, ನಿಧಾನವಾಗಿ ಹೇಳಿ.

ಆ ಅಣ್ಣನ ಹಾಗೆ ಬೆಂಚಿನ ಮೇಲೆ ಕೂತು ನೋಡುವವರಿಗೆ ಇನ್ನೊಂದು ಮಾತು. ಇವತ್ತಿನಿಂದ ಮನೆಯಲ್ಲಿ ಮಾತು ಏರಿ, ಯಾರಾದರೂ ಊಟ ಬಿಟ್ಟು ಎದ್ದು ಹೊರಗೆ ಹೋದರೆ, ಹಿಂದಿನಿಂದ ಏನೂ ಅನ್ನಬೇಡಿ. "ನೋಡು, ಹೋದ" ಎಂದು ಕೂಡ ಅನ್ನಬೇಡಿ. ಅವರ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಡಿ. ಬಾಗಿಲಿಗೆ ಚಿಲಕ ಹಾಕಬೇಡಿ. ತಿರುಗಿ ಬಂದಾಗ ಎಲ್ಲಿಗೆ ಹೋಗಿದ್ದೆ ಎಂದು ಕೇಳದೆ, ಸಾರು ಬಿಸಿ ಮಾಡಿ ಬಡಿಸಿ.